ನಲವತ್ತು ಸುತ್ತಿನ ಸದ್ದು

ಮಗಳು ಮೆಟ್ಟಿಲ ಮೇಲಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ ಅವಳಿಗೆ ಎಂಟು ವರ್ಷ. ಅಲ್ಲಿಯವರೆಗೆ ಅವಳು ನಿಂತಲ್ಲಿ ನಿಂತವಳಲ್ಲ. ಮನೆಯವರೆಲ್ಲ ಅವಳನ್ನು ಮಿಡತೆ ಎಂದು ಕರೆಯುತ್ತಿದ್ದದ್ದು ಅದಕ್ಕೇ. ಮೂರು ತಿಂಗಳು ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಮಲಗಿಸಿದರು. ಬಿಚ್ಚಿದ ದಿನ ನೋಡಿದರೆ ಬಲಗಾಲು ಎಡಗಾಲಿನ ಅರ್ಧದಷ್ಟಿತ್ತು. ಮಂಡಿ ತುಕ್ಕು ಹಿಡಿದ ಕೀಲಿನ ಹಾಗೆ ಬಿಗಿದುಕೊಂಡಿತ್ತು.

"ಮೂಳೆ ಕೂಡಿದೆ. ಇನ್ನು ಕಾಲು ಬರಬೇಕು," ಎಂದರು ಡಾಕ್ಟರು. ಮೂರೂವರೆ ತಿಂಗಳೊಳಗೆ ಮಂಡಿ ತೊಂಬತ್ತು ಡಿಗ್ರಿ ಮಡಚಬೇಕು, ಅಂದರೆ ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ಊರುವಷ್ಟು. ಆಗದಿದ್ದರೆ ಮತ್ತೆ ಆಪರೇಷನ್ ಥಿಯೇಟರು, ಮತ್ತೆ ಅರಿವಳಿಕೆ, ಅವರೇ ಹಿಡಿದು ಮಡಚುವುದು. ಆಮೇಲಿನ ನೋವು ಬಿದ್ದಾಗಿನ ನೋವಿಗಿಂತ ಹೆಚ್ಚು ಎನ್ನುವುದನ್ನು ಮಾತ್ರ ಮಗುವಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು. ಮಿಡತೆಗೆ ಕೇಳಿಸಿತು. ಮನೆ ತಲುಪುವವರೆಗೂ ಅವಳು ನನ್ನ ತೋಳು ಬಿಡಲಿಲ್ಲ.

ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬರು ಫಿಸಿಯೋ ಮೇಡಂ ಇದ್ದರು. ಒಳ್ಳೆಯ ಹೆಂಗಸು, ಕೈ ಮಾತ್ರ ಕಬ್ಬಿಣ. ಮನೆಯಲ್ಲಿ ನಾನು ಅವರು ಹೇಳಿದ ಹಾಗೆ ಮಾಡಿಸಲು ಹೋದರೆ ಮಿಡತೆ ಮಂಚದ ಕಾಲು ಹಿಡಿದುಕೊಂಡು ಬೊಬ್ಬೆ ಹಾಕುತ್ತಿದ್ದಳು. ಹತ್ತು ಸಲ ಮಡಚಿಸುವಷ್ಟರಲ್ಲಿ ಅವಳಿಗೂ ನನಗೂ ಮೈಯೆಲ್ಲ ಬೆವರು. ಒಂದು ವಾರ ಇದನ್ನು ನೋಡಿದ ಮಾವ, "ಇದು ಕಣ್ಣಲ್ಲಿ ನೋಡೋ ಹಾಗಿಲ್ಲಮ್ಮ," ಎಂದು ಹಿತ್ತಲಿಗೆ ಹೋದರು. ಮತ್ತೆಂಟು ದಿನ ಹಿತ್ತಲಿನಿಂದ ಸುತ್ತಿಗೆಯ ಪೆಟ್ಟು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಮಾವ ಮೂವತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಎಲ್ಲಾದರೂ ಲಿಫ್ಟ್ ಹತ್ತಿದರೆ ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಾ, "ಬೇರಿಂಗ್ ಹೋಗಿದೆ," ಎನ್ನುತ್ತಾರೆ. ಅವರು ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಗೋಡೆಗುಂಟ ಇಟ್ಟ ಹೂಕುಂಡ ಎಲ್ಲವನ್ನೂ ಬಳಸಿ ಬರುವ ಹಾಗೆ, ಹಳೇ ಕಬ್ಬಿಣದ ಕಪಾಟಿನ ಪಟ್ಟಿಗಳನ್ನು ಬಗ್ಗಿಸಿ ಕಂಬಿ ಹಾಸಿದ್ದರು. ಕೈ ಮುರಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಲಗೆಗೆ ಬಿಗಿದು, ಅದರಡಿಗೆ ಲಿಫ್ಟಿನ ನಾಲ್ಕು ಹಳೇ ಉರುಳೆ ಜೋಡಿಸಿದ್ದರು. ಮುಂದುಗಡೆ ಒಂದು ಒದೆಹಲಗೆ. ಬಲಗಾಲಿಂದ ಅದನ್ನು ಒದ್ದರೆ ಸೈಕಲ್ ಚೈನು ಹಿಂದಿನ ಚಕ್ರ ತಿರುಗಿಸಿ ಗಾಡಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸ್ಪ್ರಿಂಗು ಹಲಗೆಯನ್ನು ಹಿಂದಕ್ಕೆ ತಂದು ಮಂಡಿಯನ್ನು ಮತ್ತೆ ಮಡಚುತ್ತದೆ. ಒಂದು ಸುತ್ತು ಮುಗಿಯಲು ಹದಿನಾರು ಒದೆತ. ಫಿಸಿಯೋ ಮೇಡಂ ಫೋಟೋ ನೋಡಿ, "ಇದನ್ನ ಯಾರು ಮಾಡಿದ್ದು? ಅವರನ್ನ ನಮ್ಮಲ್ಲಿಗೆ ಕಳಿಸಿ," ಎಂದು ನಕ್ಕರು. ಆಮೇಲೆ ಲೆಕ್ಕ ಹೇಳಿದರು: ಹತ್ತು ಸುತ್ತಿನಿಂದ ಶುರು, ತಿಂಗಳು ಕಳೆಯುವಷ್ಟರಲ್ಲಿ ನಲವತ್ತಕ್ಕೆ ಬರಬೇಕು. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು.

ಮೊದಲ ದಿನ ಮಿಡತೆ ನಾಲ್ಕು ಸಲ ಒದ್ದು ಅಳುತ್ತಾ ನಿಲ್ಲಿಸಿಬಿಟ್ಟಳು.

"ಇದು ರೈಲಲ್ಲ ತಾತ. ರೈಲಂದ್ರೆ ಸದ್ದು ಬರಬೇಕು. ಇದು ತಳ್ಳೋಗಾಡಿ."

ನಾನು ಅಲ್ಲೇ ಬಟ್ಟೆ ಒಣಹಾಕುತ್ತಿದ್ದೆ. ಗಾಡಿ ಚರಂಡಿಯ ಮೇಲಿನ ಹಲಗೆಯ ಹತ್ತಿರ ನಿಂತಿತ್ತು. ಏನು ತೋಚಿತೋ, ಬಕೆಟ್ಟನ್ನು ಬೋರಲು ಹಾಕಿ ಎರಡೂ ಕೈಯಲ್ಲಿ ದಡಬಡ ದಡಬಡ ಬಡಿದೆ. "ಸೇತುವೆ ಬಂತು! ಬೇಗ ದಾಟು, ಕೆಳಗೆ ಹೊಳೆ!" ಎಂದೆ. ಅವಳು ಕಣ್ಣು ಒರೆಸಿಕೊಂಡು ಒದ್ದಳು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ.

ದಿನ ಕಳೆದಂತೆ ಹಿತ್ತಲಿನಲ್ಲಿ ಊರುಗಳೇ ಹುಟ್ಟಿಕೊಂಡವು. ಅಡಿಗೆಮನೆ ಬಾಗಿಲೇ ನಿಲ್ದಾಣ. ಅಲ್ಲಿ ಲೋಟಕ್ಕೆ ಚಮಚ ಬಡಿದು ಗಂಟೆ. ಆಮೇಲೆ ಬಕೆಟ್ಟಿನ ಸೇತುವೆ. ತೊಟ್ಟಿಯ ಪಕ್ಕ ಹಳೇ ಕಂಬಳಿ ಇಳಿಬಿಟ್ಟು ಮಾವ ಸುರಂಗ ಮಾಡಿದರು. ಅಲ್ಲಿ ಖಾಲಿ ಬಾಟಲಿಯ ಬಾಯಿಗೆ ಊದಿ ಗಾಳಿಯ ಸದ್ದು ತರಬೇಕು. ಹೂಕುಂಡಗಳ ಕಾಡಿನಲ್ಲಿ ಹುಲಿ. ಡಬ್ಬದ ತಳಕ್ಕೆ ತೂತು ಹೊಡೆದು, ಒದ್ದೆ ದಾರ ಪೋಣಿಸಿ ಜಗ್ಗಿದರೆ ಥೇಟ್ ಹುಲಿಯೇ ಗುರುಗುಟ್ಟಿದ ಹಾಗಾಗುತ್ತದೆ. ಇಷ್ಟನ್ನೂ ಗಾಡಿಗಿಂತ ಒಂದು ಹೆಜ್ಜೆ ಮುಂದೆ ಓಡಿ ನಾನೊಬ್ಬಳೇ ಮಾಡಬೇಕು. ಮಾವ ಮಾಡಲು ಹೋದರೆ, "ತಾತನ ಹುಲಿಗೆ ಕೆಮ್ಮು," ಎಂದು ಮಿಡತೆ ಗಾಡಿ ನಿಲ್ಲಿಸುತ್ತಿದ್ದಳು.

ನನ್ನವರು ದೂರದ ಬಸ್ಸಿನ ಡ್ರೈವರು. ಮೂರು ದಿನಕ್ಕೊಮ್ಮೆ ಮನೆಗೆ ಬಂದು, ಉಂಡು, ಮಲಗಿ, ಹೋಗುವವರು. ನಾನು ಮನೆಯಲ್ಲೇ ಕೂತು ಸಮವಸ್ತ್ರದ ಅಂಗಿಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು ಕೊಡುತ್ತೇನೆ. ಮೂಟೆ ಬರುತ್ತದೆ, ಮೂಟೆ ಹೋಗುತ್ತದೆ. ಗಾಡಿ ಬಂದಮೇಲೆ ಮೂಟೆ ಬಂದದ್ದು ಬಂದ ಹಾಗೇ ಕೂತಿತು. ಸುತ್ತು ಇಪ್ಪತ್ತಕ್ಕೆ ಬರುವಷ್ಟರಲ್ಲಿ ನನ್ನ ಬೆನ್ನು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಒಲೆಯ ಮೇಲೆ ಹಾಲಿಟ್ಟು ಹುಲಿಯಾಗಲು ಓಡುವುದು, ಹುಲಿಯಾಗಿ ಬರುವಷ್ಟರಲ್ಲಿ ಹಾಲು ಒಲೆಯೆಲ್ಲ ಹರಿದಿರುವುದು. ಒಂದು ಸಂಜೆ ಬಾಟಲಿ ಊದುತ್ತಾ ಊದುತ್ತಾ ತಲೆ ತಿರುಗಿ ಸುರಂಗದ ಕಂಬಳಿ ಹಿಡಿದುಕೊಂಡೇ ಕೂತುಬಿಟ್ಟೆ. ಕಂಬಳಿ ಕಳಚಿ ಇಬ್ಬರ ಮೇಲೂ ಬಿತ್ತು. ಮಿಡತೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಆದರೆ ಏಳಲು ಮನಸ್ಸಾಗಲಿಲ್ಲ.

ಐದು ವಾರದಲ್ಲಿ ಮಂಡಿ ನಲವತ್ತು ಡಿಗ್ರಿಯಿಂದ ಅರವತ್ತೈದಕ್ಕೆ ಬಂತು. ಅದನ್ನು ನೋಡಿ ಬಿಡುವ ಹಾಗೂ ಇರಲಿಲ್ಲ.

ಆಗ ಬಂದವಳು ನನ್ನ ತಂಗಿ. ಅವಳು ಬಟ್ಟೆ ಒಗೆಯುವ ಮಷೀನುಗಳ ಬೋರ್ಡು ರಿಪೇರಿ ಮಾಡುತ್ತಾಳೆ. ಬಾಗಿಲಲ್ಲಿ ನಿಂತು ಅರ್ಧ ಗಂಟೆ ನನ್ನ ಓಟ ನೋಡಿದಳು.

"ಅಕ್ಕ, ನಿನಗೆ ವಯಸ್ಸೆಷ್ಟು?"

"ಯಾಕೆ?"

"ಹುಲಿಗೆ ನಿವೃತ್ತಿ ಕೊಡೋ ವಯಸ್ಸಾಯ್ತು. ಈ ಕೆಲಸಾನ ಸ್ವಿಚ್ಚು ಮಾಡತ್ತೆ, ನೀನು ಮಾಡ್ಬೇಕಾಗಿಲ್ಲ."

ಮುಂದಿನ ವಾರ ಒಂದು ಚೀಲ ತಂದು ಅಡಿಗೆಮನೆಯ ನೆಲದ ಮೇಲೆ ಹರಡಿದಳು. ಬೆರಳುದ್ದದ ಗಾಜಿನ ಸ್ವಿಚ್ಚುಗಳು, ಆಯಸ್ಕಾಂತ ಹತ್ತಿರ ಬಂದರೆ ಒಳಗಿನ ಎರಡು ಕಡ್ಡಿ ತಾವೇ ಕೂಡಿಕೊಳ್ಳುವಂಥವು. ಅಂಗೈಯಗಲದ ಒಂದು ಕಂಟ್ರೋಲರ್ ಬೋರ್ಡು. ಕಾರ್ಡಿನಲ್ಲಿ ತುಂಬಿಟ್ಟ ಸದ್ದನ್ನು ನುಡಿಸುವ, ಬಿಸ್ಕತ್ತಿನಷ್ಟೇ ದೊಡ್ಡದಾದ ಇನ್ನೊಂದು ಬೋರ್ಡು. ಎರಡು ಸ್ಪೀಕರು. ಮಾವ ಕನ್ನಡಕ ಏರಿಸಿಕೊಂಡು ಗಾಜಿನ ಸ್ವಿಚ್ಚನ್ನು ಬೆಳಕಿಗೆ ಹಿಡಿದರು.

"ಇದು ನನ್ನ ಹಳೇ ಸ್ನೇಹಿತ ಕಣಮ್ಮ. ಲಿಫ್ಟಿಗೆ ಯಾವ ಮಹಡಿ ಬಂತು ಅಂತ ಹೇಳೋನು ಇವನೇ."

"ಹಾಗಾದ್ರೆ ನಾಲ್ಕು ಮಹಡಿ ಅಂದ್ಕೊಳ್ಳಿ ಮಾವ. ನಿಲ್ದಾಣ, ಸೇತುವೆ, ಸುರಂಗ, ಕಾಡು. ಗಾಡಿ ಅಡಿಗೆ ಆಯಸ್ಕಾಂತ. ಗಾಡಿ ಬಂದ ಕಡೆ ಸ್ವಿಚ್ಚು ಕೂಡತ್ತೆ, ಬೋರ್ಡಿಗೆ ಗೊತ್ತಾಗತ್ತೆ, ಸದ್ದು ಬರತ್ತೆ. ಅಕ್ಕ ಒಳಗೆ ಕೂತು ಕಾಜಾ ಹಾಕ್ತಾಳೆ."

ಸದ್ದುಗಳನ್ನು ಮಲಗುವ ಕೋಣೆಯಲ್ಲಿ ತುಂಬಿಸಿಕೊಂಡೆವು. ಬೀದಿಯ ಗದ್ದಲ ಬಾರದಿರಲೆಂದು ಕಿಟಕಿಗೆ ಎರಡೆರಡು ಹೊದಿಕೆ ತೂಗುಬಿಟ್ಟು, ನಡುಮಧ್ಯಾಹ್ನ, ನಾಲ್ಕೂ ಜನ ಉಸಿರು ಹಿಡಿದು ಕೂತು. ನಾನು ಡಬ್ಬದ ದಾರ ಜಗ್ಗಿದೆ. ಆರನೇ ಸಲ ಹುಲಿ ಚೆನ್ನಾಗಿ ಬಂತು ಎನ್ನುವಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೂಗಿ ಕೇಳಿದರು: "ಏನ್ರೀ, ಯಾರಿಗಾದ್ರೂ ಹೊಟ್ಟೆ ಕೆಟ್ಟಿದ್ಯಾ?" ಆ ಸಲದ್ದು ಹೋಯಿತು.

ಮೊದಲ ಸಲ ಓಡಿಸಿದಾಗ ಹುಲಿ ಸೇತುವೆಯ ಮೇಲೆ ಗುರುಗುಟ್ಟಿತು, ಕಾಡಿನಲ್ಲಿ ನಿಲ್ದಾಣದ ಗಂಟೆ ಹೊಡೆಯಿತು. ತಂಗಿ ಹಣೆ ಚಚ್ಚಿಕೊಂಡಳು. ಆ ಬಿಸ್ಕತ್ತು ಬೋರ್ಡು ಸದ್ದುಗಳ ಹೆಸರು ನೋಡುವುದಿಲ್ಲವಂತೆ. ಕಾರ್ಡಿಗೆ ಯಾವುದನ್ನು ಮೊದಲು ಹಾಕಿದ್ದೇವೋ ಅದೇ ಒಂದನೆಯದು. ಎಲ್ಲ ಅಳಿಸಿ ಸಾಲಾಗಿ ಮತ್ತೆ ಹಾಕಿದಳು. ಆಮೇಲೆ ಗಂಟೆ ಒಂದರ ಬೆನ್ನಿಗೊಂದು ಎರಡು ಸಲ ಹೊಡೆಯತೊಡಗಿತು. ಗಾಜಿನೊಳಗಿನ ಕಡ್ಡಿ ಕೂಡುವಾಗ ಒಂದೆರಡು ಸಲ ನಡುಗುತ್ತದೆ, ಬೋರ್ಡು ಅದನ್ನು ಎರಡು ಗಾಡಿ ಎಂದುಕೊಳ್ಳುತ್ತದೆ ಎಂದಳು. ಒಂದು ಸಲ ಕೂಡಿದ ಮೇಲೆ ಅರ್ಧ ಕ್ಷಣ ಕಿವಿ ಮುಚ್ಚಿಕೊಂಡಿರು ಎಂದು ಬೋರ್ಡಿಗೆ ಕಲಿಸಿದಳು. ಅಷ್ಟಾದ ಮೇಲೆ ಗಂಟೆ ಒಂದೇ ಸಲ, ಸೇತುವೆ ಸೇತುವೆಯ ಹತ್ತಿರ, ಹುಲಿ ಕಾಡಿನಲ್ಲಿ. ಮಿಡತೆ ಆ ಸಂಜೆ ಅಳದೆ ಹನ್ನೆರಡು ಸುತ್ತು ಹೋದಳು. ನಾನು ಬಾಗಿಲಿಗೆ ಒರಗಿ ಬರಿಗೈಯಲ್ಲಿ ನಿಂತು ನೋಡಿದೆ.

ಮರುದಿನದಿಂದ ನಾನು ಒಳಗೆ ಕೂತೆ. ಗಂಟೆ ಹೊಡೆದರೆ ಒಂದು ಸುತ್ತು. ಐದು ವಾರ ಆ ಸದ್ದುಗಳನ್ನು ಕೈಯಾರೆ ಮಾಡಿದ್ದವಳು. ಎಷ್ಟು ಹೊತ್ತಿಗೆ ಸೇತುವೆ, ಎಷ್ಟು ಹೊತ್ತಿಗೆ ಹುಲಿ ಎಂದು ನನ್ನ ಕಿವಿಗೆ ಬಾಯಿಪಾಠ. ಕಾಜಾ ಹಾಕುತ್ತಾ ಎಣಿಸುತ್ತಿದ್ದೆ. ಪ್ರತಿ ಗಂಟೆಗೂ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಮೂಟೆ ಕರಗಿತು. ಹಾಲು ಪಾತ್ರೆಯಲ್ಲೇ ಉಳಿಯಿತು. ಹೊಲಿಗೆ ಮಷೀನಿನ ಮುಂದೆ ಕೂತಲ್ಲೇ ಕಣ್ಣು ಮುಚ್ಚಿದರೂ ಕಿವಿ ಎಚ್ಚರವಾಗಿರುತ್ತಿತ್ತು. ಸೇತುವೆ, ಸುರಂಗ, ಹುಲಿ, ಗಂಟೆ. ಎಂಥ ಸಮಾಧಾನ ಅದು!

ನಾಲ್ಕು ವಾರ ಹೀಗೇ ಕಳೆಯಿತು. ಡಾಕ್ಟರು ಹೇಳಿದ ದಿನಕ್ಕೆ ಇನ್ನು ಮೂರೇ ವಾರ ಇತ್ತು.

ಫಿಸಿಯೋ ಮೇಡಂ ಮಿಡತೆಯ ತೊಡೆಗೆ ಟೇಪು ಸುತ್ತಿದರು. ಮಂಡಿಯ ಪಕ್ಕ ಅಳತೆಯ ಪಟ್ಟಿ ಇಟ್ಟು ಮಡಚಿದರು. ಹಳೇ ಕಾಗದ ತೆಗೆದು ನೋಡಿ ಮತ್ತೆ ಅಳೆದರು.

"ಅರವತ್ತೈದು. ಹೋದ ತಿಂಗಳು ಎಷ್ಟಿತ್ತೋ ಅಷ್ಟೇ. ತೊಡೆ ಒಂದು ನೂಲೆಳೆಯಷ್ಟೂ ತುಂಬಿಲ್ಲ. ದಿನಾ ಎಷ್ಟು ಸುತ್ತು ಮಾಡಿಸ್ತಿದ್ದೀರ?"

"ನಲವತ್ತು ಮೇಡಂ. ಒಂದಿನಾನೂ ತಪ್ಪಿಲ್ಲ. ಗೋಡೆ ಮೇಲೆ ಗೆರೆ ಹಾಕಿದ್ದೀನಿ."

"ಎದುರಿಗೆ ನಿಂತು ನೋಡಿದ್ರಾ?"

"ಕೇಳಿಸ್ಕೊಂಡೆ."

ಅವರು ನನ್ನ ಮುಖ ನೋಡಿದರು. ನಾನು ಮಿಡತೆಯ ಮುಖ ನೋಡಿದೆ. ಅವಳು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಲು ಶ್ರದ್ಧೆಯಿಂದ ನೋಡುತ್ತಿದ್ದಳು.

"ಹೀಗೇ ಇದ್ರೆ ಥಿಯೇಟರೇ ಗತಿ," ಎಂದರು ಮೇಡಂ. ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು.

ಸಂಜೆ ಎಂದಿನಂತೆ ಅವಳನ್ನು ಗಾಡಿಯಲ್ಲಿ ಕೂರಿಸಿ ಒಳಗೆ ಬಂದೆ. ಮಷೀನಿನ ಮುಂದೆ ಕೂರದೆ ಬಚ್ಚಲುಮನೆಗೆ ಹೋಗಿ, ಬಕೆಟ್ಟಿನ ಮೇಲೆ ಹತ್ತಿ, ಗೂಡಿನಂಥ ಕಿಟಕಿಯಿಂದ ಹಿತ್ತಲು ನೋಡಿದೆ.

ಮಾವ ನೆಲ ಒರೆಸುವ ಕೋಲಿನ ತುದಿಯನ್ನು ಕುರ್ಚಿಯ ಬೆನ್ನಿಗೆ ಕೊಟ್ಟು ಗಾಡಿ ತಳ್ಳುತ್ತಿದ್ದರು. ಒಂದು ಕೈ ಸೊಂಟದ ಮೇಲೆ, ಅಂಗಿಯ ಬೆನ್ನು ಒದ್ದೆ. ಮಿಡತೆಯ ಬಲಗಾಲು ಹಲಗೆಯ ಪಕ್ಕದಲ್ಲಿ ಚಾಚಿಕೊಂಡು ಸುಮ್ಮನೆ ಬಿದ್ದಿತ್ತು. ಸೇತುವೆ ದಡಬಡಿಸಿತು.

"ಮೆಲ್ಲಗೆ ತಾತ," ಎಂದು ಅವಳು ಪಿಸುಗುಟ್ಟಿದಳು. "ಇಷ್ಟು ಬೇಗ ಸುರಂಗ ಬಂದ್ರೆ ಅಮ್ಮಂಗೆ ಗೊತ್ತಾಗತ್ತೆ. ಐದು ಎಣಿಸಿ."

ಮಾವ ಕೋಲಿಗೆ ಒರಗಿ ನಿಂತು, ಬಾಯಲ್ಲೇ ಐದು ಎಣಿಸಿದರು. ಆಮೇಲೆ ತಳ್ಳಿದರು. ಸುರಂಗದ ಗಾಳಿ ಬೀಸಿತು.

ಗಾಜಿನ ಸ್ವಿಚ್ಚು ಸುಳ್ಳು ಹೇಳಿರಲಿಲ್ಲ. ಗಾಡಿ ಬಂತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಯಾರ ಕಾಲಿನಿಂದ ಬಂತು ಎಂದು ನಾವು ಅದನ್ನು ಕೇಳಿರಲೇ ಇಲ್ಲ. ಎಪ್ಪತ್ತೆರಡು ವರ್ಷದ ಮುದುಕ ದಿನಕ್ಕೆ ನಲವತ್ತು ಸುತ್ತು ಗಾಡಿ ತಳ್ಳಿ ನನ್ನ ಕಿವಿಗೆ ಹೂವಿಟ್ಟಿದ್ದರು. ನಾನು ಬಕೆಟ್ಟಿನಿಂದ ಇಳಿದು ಹಿತ್ತಲ ಬಾಗಿಲಿಗೆ ಬಂದು ನಿಂತೆ.

ಮಾವ ಕೋಲನ್ನು ಬೆನ್ನ ಹಿಂದೆ ಮರೆಸಿದರು. ಅಷ್ಟುದ್ದದ ಕೋಲು, ತಲೆಯ ಮೇಲೆ ಒಂದು ಗಜ ಎದ್ದು ಕಾಣುತ್ತಿತ್ತು.

"ಯಾವತ್ತಿಂದ ಮಾವ?"

"ಮೊದಲ ವಾರ ಅವಳೇ ಒದ್ಲು ಕಣಮ್ಮ, ಸುಳ್ಳಲ್ಲ. ಆಮೇಲೆ ಒಂದಿನ ನೋವು ಅಂತ ಅತ್ಳು. ಒಂದು ಸುತ್ತಿಗೆ ಕೈ ಹಾಕಿದೆ. ಆಮೇಲೆ ಎರಡಕ್ಕೆ." ಅವರು ತೊಟ್ಟಿಯ ಅಂಚಿನ ಮೇಲೆ ಕೂತರು. "ಇವಳ ಅಳು ಕೇಳಿದ್ರೆ ನೀನು ಓಡಿ ಬರ್ತೀಯ. ಓಡಿ ಬಂದಾಗ ನಿನ್ನ ಮುಖ ಇರತ್ತಲ್ಲ, ಅದನ್ನ ನನಗೆ ನೋಡೋಕಾಗಲ್ಲ."

"ನೀನು ಒಳಗೆ ನಿದ್ದೆ ಮಾಡ್ತಿದ್ದೆ," ಎಂದಳು ಮಿಡತೆ, ತಪ್ಪೆಲ್ಲ ನನ್ನದೇ ಎನ್ನುವಂತೆ. "ಸೂಜಿ ಹಿಡ್ಕೊಂಡೇ. ನಾವು ಬಗ್ಗಿ ನೋಡಿದ್ವಿ. ಎಬ್ಬಿಸಬಾರದು ಅಂತ ತಾತ ಹೇಳಿದ್ರು."

ಬಯ್ಯಬೇಕೆಂದು ಬಂದಿದ್ದೆ. ಆದರೆ ನಿಜ ಹೇಳಬೇಕೆಂದರೆ, ನಾಲ್ಕು ವಾರದಲ್ಲಿ ಹಿತ್ತಲಿನಿಂದ ಒಂದು ಸಲವೂ ಅಳು ಕೇಳಿಸದೇ ಇದ್ದದ್ದು ನನಗೆ ಗೊತ್ತಾಗಿತ್ತು. ಬಿಗಿದ ಮಂಡಿ ಮಡಚುವ ಮಗು ಅಳದೇ ಇರುವುದುಂಟೇ? ಗೊತ್ತಾಗಿಯೂ ನಾನು ಎದ್ದು ಹೋಗಿ ನೋಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನಾನು ಕಣ್ಣು ಮುಚ್ಚಿ ಆ ಸದ್ದು ಕುಡಿದಿದ್ದೆ. ಅವರಿಬ್ಬರದು ಕಳ್ಳತನವಾದರೆ ನನ್ನದು ಏನು?

"ಇಳಿ," ಎಂದು ಅವಳನ್ನು ಎತ್ತಿಕೊಂಡೆ. ಭಾರವಾಗಿದ್ದಳು. ಬಲಗಾಲು ಮಾತ್ರ ಹಗುರ.

ಮರುದಿನ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಮಾವ ನನ್ನ ತಂಗಿಗೆ ಫೋನು ಮಾಡುವುದು ಕೇಳಿಸಿತು. "ಲಿಫ್ಟಿಗೆ ಎರಡು ಬುದ್ಧಿ ಇರತ್ತೆ ಕಣಮ್ಮ. ಎಲ್ಲಿದ್ದೀನಿ ಅನ್ನೋದು ಒಂದು. ಒಳಗೆಷ್ಟು ತೂಕ ಇದೆ ಅನ್ನೋದು ಇನ್ನೊಂದು. ನಾವು ಒಂದನ್ನೇ ಕೊಟ್ವಿ. ಹೌದು, ಕಳ್ಳ ನಾನೇ. ಬಾ, ಬಂದು ನನ್ನನ್ನ ಹಿಡಿಯೋ ಹಾಗೆ ಮಾಡು."

ಅವಳು ಅದೇ ಭಾನುವಾರ ಬಂದಳು. ನಕ್ಕೂ ನಕ್ಕೂ ಸಾಕಾಗಿ, ಆಮೇಲೆ ನನ್ನನ್ನು ನೋಡಿ ಚೀಲ ಬಿಚ್ಚಿದಳು. ಒದೆಹಲಗೆಯ ಕೆಳಗೆ ಬಾಗಿಲು ಮುಚ್ಚುವ ಸ್ಪ್ರಿಂಗನ್ನು ಕೂರಿಸಿ, ಅದರಡಿಗೆ ಒಂದು ಗುಂಡಿಸ್ವಿಚ್ಚು ಇಟ್ಟಳು. ಎಷ್ಟು ಬಲವಾಗಿ ಒತ್ತಿದರೆ ಸ್ವಿಚ್ಚು ಕೂಡಬೇಕು ಎನ್ನುವುದನ್ನು ಫಿಸಿಯೋ ಮೇಡಂ ಫೋನಿನಲ್ಲಿ ಹೇಳಿದರು. ಮಾವ ತೂಕದ ಯಂತ್ರದ ಮೇಲೆ ಹಲಗೆ ಇಟ್ಟು ಒತ್ತಿ ಒತ್ತಿ ಅಷ್ಟಕ್ಕೇ ಸ್ಪ್ರಿಂಗನ್ನು ಬಿಗಿ ಮಾಡಿದರು. ಓಡುವ ಗಾಡಿಯಿಂದ ಗೋಡೆಗೆ ತಂತಿ ಎಳೆಯುವ ಹಾಗಿಲ್ಲವಲ್ಲ, ಅದಕ್ಕೆ ಬೋರ್ಡು, ಸ್ಪೀಕರು, ಬ್ಯಾಟರಿ ಎಲ್ಲವೂ ಗಾಡಿಯ ಮೇಲೆ ಕುರ್ಚಿಯಡಿಗೆ ಬಂದವು. ಗಾಜಿನ ಸ್ವಿಚ್ಚು ಗಾಡಿಯಡಿಗೆ ಬಂತು, ಆಯಸ್ಕಾಂತಗಳು ಕಂಬಿಯ ಪಕ್ಕಕ್ಕೆ ಹೋದವು. ಎಷ್ಟನೇ ಆಯಸ್ಕಾಂತ ಎಂದು ಎಣಿಸಿ ಬೋರ್ಡು ಜಾಗ ತಿಳಿದುಕೊಳ್ಳುತ್ತದೆ. ನಿಲ್ದಾಣದ್ದನ್ನು ಮಾತ್ರ ಎಡಗಡೆಗೆ ಇಟ್ಟು ಅದಕ್ಕೇ ಬೇರೆ ಸ್ವಿಚ್ಚು ಕೊಟ್ಟಳು. ನಡುವೆ ಯಾವುದಾದರೂ ಒಂದು ತಪ್ಪಿದರೂ ಅಲ್ಲಿಂದ ಎಣಿಕೆ ಹೊಸದಾಗಿ ಶುರುವಾಗಲೆಂದು. ಕಡೆಗೆ ಬೋರ್ಡಿಗೆ ಒಂದು ಮಾತು ಕಲಿಸಿದಳು: ಒಂದು ಜಾಗದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಕಾಲು ಮೂರು ಸಲವಾದರೂ ಪೂರಾ ಒತ್ತಿರಬೇಕು. ಇಲ್ಲದಿದ್ದರೆ ಸದ್ದಿಲ್ಲ. ಕೂತು ಗಾಡಿಯ ಸ್ವಿಚ್ಚು ಹಾಕಿದಾಗ ಹೊಡೆಯುವ ಮೊದಲ ಗಂಟೆಗೆ ಮಾತ್ರ ಈ ಲೆಕ್ಕವಿಲ್ಲ.

ಮಾವ ಪರೀಕ್ಷೆಗೆಂದು ಕೋಲು ಕೊಟ್ಟು ಒಂದು ಸುತ್ತು ತಳ್ಳಿದರು. ಗಾಡಿ ಮೂಗಿಯ ಹಾಗೆ ಹೋಗಿ ಬಂತು.

"ಸಿಕ್ಕಿಬಿದ್ದೆ," ಎಂದರು. ಅವರ ಮುಖದಲ್ಲಿ ಸಮಾಧಾನವೋ ಸಂಕಟವೋ ಹೇಳಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಮಿಡತೆಯನ್ನು ಕೂರಿಸಿ ನಾವಿಬ್ಬರೂ ಒಳಗೆ ಬಂದೆವು. ನಾನು ಮಷೀನಿನ ಮುಂದೆ, ಮಾವ ಎದುರಿನ ಸ್ಟೂಲಿನ ಮೇಲೆ, ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು. ಗಂಟೆ ಹೊಡೆಯಿತು. ಆಮೇಲೆ ಏನೂ ಇಲ್ಲ. ನಾನು ಅಂಗಿ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಚೈನು ಒಮ್ಮೆ ಕಿರುಗುಟ್ಟಿತು. ಅಳು ಶುರುವಾಯಿತು, ಮೊದಲು ಸಣ್ಣಗೆ, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ.

ಮಾವ ಎದ್ದರು. "ಕೂತ್ಕೊಳ್ಳಿ ಮಾವ," ಎಂದೆ. ಕೂತರು. ನಾನೇ ಎದ್ದೆ. "ನೀನೂ ಕೂತ್ಕೋ," ಎಂದರು ಅವರು. ಕೂತೆ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತಾ ಇದ್ದಾಗ ಸೇತುವೆ ದಡಬಡಿಸಿತು. ನಾಲ್ಕೇ ನಾಲ್ಕು ಒದೆತದ ದಾರಿ, ಎರಡು ಗುಂಡಿ ಹೊಲಿಯುವಷ್ಟು ಹೊತ್ತು ಹಿಡಿದಿತ್ತು.

ಆ ದಿನ ನಾಲ್ಕು ಸುತ್ತು. ನಲವತ್ತಲ್ಲ, ನಾಲ್ಕು. ಗೋಡೆಯ ಹಳೇ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸದಾಗಿ ನಾಲ್ಕು ಎಳೆದೆ. ಮರುದಿನ ಆರು. ಅದರ ಮರುದಿನ ಐದು. ನನ್ನವರು ರಜೆಗೆ ಬಂದವರು ಅಳು ಕೇಳಿ ಎದ್ದು ಕೂತು, "ಸಾಕು ಬಿಡೇ, ಆಪರೇಷನ್ನೇ ಮಾಡಿಸೋಣ," ಎಂದರು. ಮಾವ ಮಗನಿಗೆ, "ನೀನು ಸ್ಟೀರಿಂಗ್ ಹಿಡಿ, ಇದಕ್ಕೆ ತಲೆ ಹಾಕಬೇಡ," ಎಂದು ಬಾಗಿಲು ಮುಚ್ಚಿದರು.

ಒಂಬತ್ತನೇ ದಿನ ಸುರಂಗದ ಮೊದಲು ಎಲ್ಲವೂ ನಿಂತುಹೋಯಿತು. ಚೈನಿಲ್ಲ, ಅಳುವೂ ಇಲ್ಲ. ಅಳು ಇಲ್ಲದ್ದು ಏನೆಂದು ಈಗ ನನಗೆ ಗೊತ್ತಿತ್ತು. ಈ ಸಲ ಎದ್ದು ಹೋದೆ. ಮಿಡತೆ ಕಂಬಳಿಯ ಈಚೆ, ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತುಟಿ ಕಚ್ಚಿ ಕೂತಿದ್ದಳು. ನಾನು ತಳ್ಳಲಿಲ್ಲ, ಬಾಟಲಿಯನ್ನೂ ಊದಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತೆ.

"ತುಂಬಾ ನೋಯ್ತಿದ್ಯಾ ಕಂದ?"

"ಹೂಂ."

"ಇವತ್ತಿಗೆ ಸಾಕು ಮಾಡೋಣ್ವಾ?"

ಅವಳು ಯೋಚಿಸಿದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿ ಗೆರೆಯಾಗಿತ್ತು.

"ನೀನು ಒಳಗೆ ಹೋಗು."

"ಯಾಕೆ? ಇಲ್ಲೇ ಇರ್ತೀನಿ."

"ಬೇಡ. ನೀನಿದ್ರೆ ಅಳು ಬರತ್ತೆ. ಅತ್ರೆ ಒದೆಯೋಕಾಗಲ್ಲ. ಹೋಗಮ್ಮ. ತಾತನ್ನೂ ಬಾಗಿಲಿಂದ ಆಚೆ ಕಳಿಸು, ಬಗ್ಗಿ ಬಗ್ಗಿ ನೋಡ್ತಿದ್ದಾರೆ."

ತಿರುಗಿ ನೋಡಿದರೆ ಮಾವ ತಲೆಯನ್ನು ಒಳಗೆಳೆದುಕೊಳ್ಳುತ್ತಿದ್ದರು. ನಾನು ಎದ್ದೆ. ಒಳಗೆ ಬಂದು ಮಷೀನಿನ ಮೇಲೆ ಮೊಣಕೈ ಊರಿ ಕೂತೆ. ಬಹಳ ಹೊತ್ತಾಯಿತು. ಗಾಳಿ ಬೀಸಿತು. ಇನ್ನೂ ಬಹಳ ಹೊತ್ತಾದ ಮೇಲೆ ಹುಲಿ ಗುರುಗುಟ್ಟಿತು. ಅಳು ಇರಲಿಲ್ಲ, ಆದರೆ ಹಲ್ಲು ಕಚ್ಚಿದ ಒಂದು ಹೂಂಕಾರ ಪ್ರತಿ ಒದೆತಕ್ಕೂ ಕೇಳಿಸುತ್ತಿತ್ತು. ಆ ದಿನ ಹನ್ನೊಂದು ಗೆರೆ.

ಮೂರು ವಾರ ಮುಗಿದಾಗ ದಿನಕ್ಕೆ ಇಪ್ಪತ್ಮೂರಕ್ಕೆ ಬಂದಿದ್ದಳು. ನಲವತ್ತು ನಮಗೆ ಸಿಗಲೇ ಇಲ್ಲ.

ಆಸ್ಪತ್ರೆಗೆ ಮಾವನೂ ಬಂದರು. ಡಾಕ್ಟರು ಮಂಡಿ ಹಿಡಿದು ಮಡಚುವಾಗ ಮಿಡತೆ ತಾತನ ಹೆಬ್ಬೆರಳನ್ನು ಹಿಡಿದುಕೊಂಡಳು. ಮಾವ ಕಣ್ಣು ಮುಚ್ಚಿದರು. ಫಿಸಿಯೋ ಮೇಡಂ ಅಳತೆಯ ಪಟ್ಟಿ ಇಟ್ಟು ಬಗ್ಗಿ ನೋಡಿದರು.

"ಎಂಬತ್ತೆಂಟು."

ಎರಡು ಕಡಿಮೆ. ಡಾಕ್ಟರು ಕಾಗದದಲ್ಲಿ ಹಿಂದಿನ ಅಂಕಿ ನೋಡಿದರು, ಮೇಡಂ ಅವರನ್ನು ನೋಡಿದರು.

"ಮೂರು ವಾರದಲ್ಲಿ ಇಪ್ಪತ್ಮೂರು ಡಿಗ್ರಿ," ಎಂದರು ಮೇಡಂ. "ಇದು ತಾನೇ ಬರೋ ಕಾಲು ಸಾರ್."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಥಿಯೇಟರ್ ಬೇಡ."

ಮಾವ ಹೆಬ್ಬೆರಳು ಬಿಡಿಸಿಕೊಂಡು ಉಜ್ಜಿಕೊಂಡರು.

"ಹಾಗಾದ್ರೆ ಇನ್ನು ಒದೆಯೋದು ಬೇಡ್ವಾ?" ಎಂದು ಕೇಳಿದಳು ಮಿಡತೆ.

"ಬೇಕು ಮರಿ. ಇನ್ನೂ ಎರಡು ತಿಂಗಳು, ದಿನಾ. ಬಿಟ್ರೆ ಮತ್ತೆ ಬಿಗಿಯತ್ತೆ."

ಮೂವರ ಮುಖವೂ ಒಟ್ಟಿಗೆ ಬಾಡಿದ್ದು ನೋಡಿ ಮೇಡಂಗೆ ನಗು ತಡೆಯಲಾಗಲಿಲ್ಲ.

ಮನೆಗೆ ಬಂದಾಗ ಸಂಜೆ ನಾಲ್ಕೂವರೆ. ಮೂಟೆ ಬಾಗಿಲಲ್ಲೇ ಕಾದಿತ್ತು. ಮಾವ ಅಂಗಿ ಕೂಡ ತೆಗೆಯದೆ ಮಲಗಿಬಿಟ್ಟರು. ನಾನು ಚೀಲ ಕೆಳಗಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಇವತ್ತೊಂದು ದಿನ ರಜೆ ಎಂದು ಹೇಳೋಣವೆಂದುಕೊಂಡೆ. ಹೇಳಲು ನೋಡಿದರೆ ಅವಳು ಅಲ್ಲಿರಲಿಲ್ಲ. ಗೋಡೆ ಹಿಡಿದು ಹಿಡಿದು ಒಬ್ಬಳೇ ಹಿತ್ತಲಿಗೆ ಹೋಗಿದ್ದಳು. ಕುರ್ಚಿ ಕಿರುಗುಟ್ಟಿತು, ಗಂಟೆ ಹೊಡೆಯಿತು.

ನಾನು ಇಣುಕಿ ನೋಡದೆ ಬಟ್ಟೆ ನೆನೆಸಲು ಹೋದೆ.